ಹಗುರಪ್ಪನ ಮಂಡಿ

ಹಗುರಪ್ಪನ ತಾತನಿಗೆ ತಿಜೋರಿ ತಾತ ಎಂದು ಹೆಸರು. ಬಡ್ಡಿ ವ್ಯಾಪಾರಿಯೊಬ್ಬನ ಕಬ್ಬಿಣದ ತಿಜೋರಿಯನ್ನು ಗಾಡಿಯವರು ಬಾಗಿಲ ಮುಂದೆ ಇಳಿಸಿ, ಇನ್ನು ನಮ್ಮಿಂದಾಗದು ಎಂದು ಹೊರಟುಹೋದಾಗ, ಅದನ್ನು ಬೆನ್ನಿಗೆ ಹಗ್ಗದಲ್ಲಿ ಬಿಗಿದುಕೊಂಡು ಒಬ್ಬನೇ ಮಹಡಿಗೆ ಏರಿಸಿದವನು. ಏರಿಸಿ ಉಸಿರು ಬಿಡುವಷ್ಟರಲ್ಲಿ ವ್ಯಾಪಾರಿಯ ಹೆಂಡತಿ, "ಅಯ್ಯೋ, ಈ ಕೋಣೆ ಅಲ್ಲಪ್ಪ, ಆ ಕೋಣೆ" ಎಂದಳಂತೆ. ತಾತ ತುಟಿ ಪಿಟಕ್ಕೆನ್ನದೆ ತಿಜೋರಿ ಸಮೇತ ತಿರುಗಿದನಂತೆ.

ಅಜ್ಜಿ ಕನ್ನಡಿ ಅಜ್ಜಿ. ಗಂಡಸರ ಹೆಗಲು ಓಲಾಡುತ್ತದೆ, ಗಾಜಿಗೆ ಹೆಂಗಸಿನ ನಡಿಗೆಯೇ ಸರಿ ಎಂದು ಅಂಗಡಿಯವರು ಆಳೆತ್ತರದ ಕನ್ನಡಿಗಳನ್ನು ಅವಳಿಗೇ ಒಪ್ಪಿಸುತ್ತಿದ್ದರು. ಅವಳು ಬೀದಿಯಲ್ಲಿ ನಡೆದು ಬಂದರೆ ಎದುರಿನವರಿಗೆ ತಮ್ಮ ಮುಖಕ್ಕೇ ಕಾಲು ಬಂದು ತಮ್ಮ ಕಡೆ ನಡೆದಂತೆ ಕಾಣುತ್ತಿತ್ತು. ಅಷ್ಟು ಕನ್ನಡಿ ಹೊತ್ತವಳು ಒಂದರಲ್ಲೂ ತನ್ನ ಮುಖ ನೋಡಿಕೊಳ್ಳಲಿಲ್ಲ. ಸಾಮಾನು ಇನ್ನೊಬ್ಬರದು, ಅದರಲ್ಲಿ ನನ್ನ ಮುಖಕ್ಕೇನು ಕೆಲಸ ಎನ್ನುತ್ತಿದ್ದಳು.

ಅಪ್ಪ ಬೀರು ಹೊರುವುದರಲ್ಲಿ ಎತ್ತಿದ ಕೈ. ಒಮ್ಮೆ ಯಾರದೋ ಮನೆ ಬದಲಿಸುವ ಗಲಾಟೆಯಲ್ಲಿ, ಕಣ್ಣಾಮುಚ್ಚಾಲೆ ಆಡುತ್ತಿದ್ದ ಪುಟ್ಟ ಹುಡುಗಿಯೊಬ್ಬಳು ಬೀರುವಿನೊಳಗೆ ಅಡಗಿ ಅಲ್ಲೇ ನಿದ್ದೆಹೋಗಿದ್ದಳು. ಅಪ್ಪ ಅವಳನ್ನೂ ಸೇರಿಸಿ ಹೊತ್ತ. ಹೊಸ ಮನೆಯ ಮೇಲಿನ ಮಹಡಿ ಮುಟ್ಟುವ ಹೊತ್ತಿಗೆ ಬೀರು ಸೀನಿತು. ಮನೆಯವರು ಗಾಬರಿಯಿಂದ ಬಾಗಿಲು ತೆಗೆದು ಮಗುವನ್ನು ಎತ್ತಿಕೊಂಡು, "ಏನಪ್ಪಾ, ಇಷ್ಟು ಭಾರ ಯಾಕೆ ಅನ್ನಿಸ್ಲಿಲ್ವಾ ನಿನಗೆ?" ಎಂದು ಕೇಳಿದರೆ, "ಹಗುರ" ಎಂದನಂತೆ.

ಅದು ಆ ಮನೆತನದ ಮಾತು. ಹೊತ್ತವನು ಭಾರ ಎನ್ನಬಾರದು. ಕೇಳಿದರೆ ಹಗುರ ಎನ್ನಬೇಕು. ಇದು ಬರೀ ಜಂಬಕ್ಕೆ ಹುಟ್ಟಿದ್ದಲ್ಲ. ತಿಜೋರಿ ತಾತನ ತಮ್ಮ ಒಮ್ಮೆ ಮೆಟ್ಟಿಲ ನಡುವೆ, ಇಬ್ಬರು ಹೊತ್ತ ಸಾಮಾನಿನ ಕೆಳತುದಿಯಲ್ಲಿದ್ದವನು, ಬಾಯಿತಪ್ಪಿ "ಭಾರ ಕಣೋ" ಎಂದುಬಿಟ್ಟ. ಮೇಲಿನ ತುದಿಯವನ ಎದೆ ಧಸಕ್ಕೆಂದಿತು, ಹಿಂದಿರುಗಿ ನೋಡಿದ, ಕೈ ಜಾರಿತು. ಆಮೇಲೆ ಆ ತಮ್ಮ ಬದುಕಿರುವ ತನಕ ಕೋಲು ಹಿಡಿದೇ ನಡೆದ. ಅಂದಿನಿಂದ ಆ ಮನೆಯ ಮಕ್ಕಳಿಗೆ ಮಾತು ಬರುವ ಹೊತ್ತಿಗೆ ಆ ಒಂದು ಮಾತು ಮಾತ್ರ ಬಾರದಂತೆ ನೋಡಿಕೊಂಡರು.

ಇನ್ನೊಂದು ಕಟ್ಟಳೆಯೂ ಇತ್ತು. ಮೆಟ್ಟಿಲ ನಡುವೆ ಹೊರಗಿನವರು ಯಾರಾದರೂ ಕನಿಕರಪಟ್ಟು ಸಾಮಾನಿಗೆ ಕೈ ಕೊಡಲು ಬಂದರೆ ತೂಕ ಒಂದು ಕಡೆಗೆ ವಾಲುತ್ತದೆ. ಹೊತ್ತವನೂ ಬೀಳುತ್ತಾನೆ, ಕೈ ಕೊಟ್ಟವನೂ ಬೀಳುತ್ತಾನೆ. ಅದಕ್ಕೇ ಮೆಟ್ಟಿಲಿಗೆ ಕಾಲಿಡುವ ಮುಂಚೆಯೇ ಅವರು ಕೂಗಿ ಹೇಳುತ್ತಿದ್ದರು: "ಕೈ ಹಾಕಬೇಡಿ! ದಾರಿ ಬಿಡಿ!" ಆ ಕೂಗು ಕೇಳಿದರೆ ಬೀದಿಯವರಿಗೆ ಬೇರೆ ಗುರುತು ಬೇಕಿರಲಿಲ್ಲ, ತಿಜೋರಿ ತಾತನ ಕಡೆಯವರು ಬಂದರು ಎಂದು ಗೋಡೆಗೆ ಅಂಟಿಕೊಳ್ಳುತ್ತಿದ್ದರು.

ಅಂಥವರ ಮೊಮ್ಮಗ ನಮ್ಮ ಹಗುರಪ್ಪ. ಹೆತ್ತವರು ಇಟ್ಟ ಹೆಸರು ಬೇರೆ ಇತ್ತು, ಅದು ಅವನಿಗೇ ಮರೆತುಹೋಗುವಷ್ಟು ಹಳೆಯದಾಗಿತ್ತು. ಮೇಜು ಕುರ್ಚಿ ಮಾರುವ ದೊಡ್ಡ ಅಂಗಡಿಯೊಂದರಲ್ಲಿ ಅವನೂ ಅವನ ಹೆಂಡತಿಯ ತಮ್ಮನೂ ಜೋಡಿ. ಬಾಮೈದ ಗಿಡ್ಡ, ಹಗುರಪ್ಪ ಉದ್ದ; ಅದಕ್ಕೆ ಬಾಮೈದ ಮೇಲಿನ ತುದಿ, ಹಗುರಪ್ಪ ಕೆಳತುದಿ. ಮೆಟ್ಟಿಲಲ್ಲಿ ಮೇಲಿನವನು ದಾರಿ ನೋಡುತ್ತಾನೆ, ತೂಕ ಕೂರುವುದು ಕೆಳಗಿನವನ ಮೇಲೆ. ಕೆಳತುದಿಯೇ ಯಜಮಾನಿಕೆಯ ಜಾಗ. ಅಪ್ಪನಿಂದ ಬಂದ ಜಾಗ.

ಆ ಜಾಗಕ್ಕೆ ಕುತ್ತು ಬಂದದ್ದು ಬಲಮಂಡಿಯಿಂದ. ಮೊದಮೊದಲು ಬೆಳಿಗ್ಗೆ ಏಳುವಾಗ ಕಟಕ್ ಎನ್ನುತ್ತಿತ್ತು. ಆಮೇಲೆ ಇಳಿಯುವಾಗ ಚುಚ್ಚುತ್ತಿತ್ತು. ಒಂದು ದಿನ ಫ್ರಿಜ್ಜು ಏರಿಸುವಾಗ, ಮೆಟ್ಟಿಲು ತಿರುಗುವ ಕಡೆ, ಕಾಲು ಹೇಳದೆ ಕೇಳದೆ ಮಡಚಿಕೊಂಡಿತು. ಹಗುರಪ್ಪ ಭುಜವನ್ನು ಗೋಡೆಗೆ ಒತ್ತಿ ನಿಂತ. ಫ್ರಿಜ್ಜು ಬೀಳಲಿಲ್ಲ, ಗೋಡೆಯ ಸುಣ್ಣವಷ್ಟೇ ಉದುರಿತು.

"ಏನಾಯ್ತು ಭಾವ?" ಮೇಲಿನಿಂದ ಬಾಮೈದ ಕೇಳಿದ.

"ಏನಿಲ್ಲ. ಹಗುರ. ನಡಿ."

ಆದರೆ ಗೋಡೆಯ ಸುಣ್ಣದ ದೂರು ಅಂಗಡಿ ಯಜಮಾನನ ಕಿವಿಗೆ ಬಿತ್ತು. ಯಜಮಾನ ಕೆಟ್ಟವನಲ್ಲ. ಹಗುರಪ್ಪನನ್ನು ಕೂರಿಸಿಕೊಂಡು ಹೇಳಿದ: "ನೋಡಪ್ಪ, ಆ ಹೊಸ ಆಫೀಸು ಕಟ್ಟಡಕ್ಕೆ ಇಡೀ ಸಾಮಾನು ನಾವೇ ಹಾಕ್ಬೇಕು. ಬೇಸಿಗೆ ಮುಗಿದ ಕೂಡಲೇ ಶುರು. ಅಷ್ಟರೊಳಗೆ ಮಂಡಿ ರಿಪೇರಿ ಮಾಡಿಸ್ಕೊಂಡು ಬಾ, ನಿನ್ನ ಜಾಗ ನಿನಗೆ. ಇಲ್ಲಾಂದ್ರೆ ಕೆಳಗಡೆ ಬೇರೆಯವನನ್ನ ನಿಲ್ಲಿಸ್ತೀನಿ. ನೀನು ಗೇಟಲ್ಲಿ ಕೂತ್ಕೊಂಡು ಬಂದವರಿಗೆ ನಮಸ್ಕಾರ ಹೇಳ್ತಿರು."

ಗೇಟಲ್ಲಿ ಕೂರುವುದು! ಅಂದಿನಿಂದ ಹಗುರಪ್ಪ ನಿಂತಲ್ಲಿ ನಿಲ್ಲಲಿಲ್ಲ, ಕೂತಲ್ಲಿ ಕೂರಲಿಲ್ಲ.

ಮನೆಯಲ್ಲಿ ಎಲ್ಲರ ಹೆಸರೂ ಇದ್ದ ಸರ್ಕಾರಿ ಆರೋಗ್ಯ ವಿಮೆಯ ಕಾರ್ಡು ಒಂದಿತ್ತು. ಮಗಳು ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕಿದ್ದವಳು, ನಾಲ್ಕು ಜನರ ಜೊತೆ ಮಾತಾಡಿ ಗೊತ್ತಿದ್ದವಳು. "ಚಿಂತೆ ಬಿಡಪ್ಪ, ಮಂಡಿ ಆಪರೇಷನ್ನೂ ಇದರಲ್ಲೇ ಆಗುತ್ತೆ. ಈ ಕಾರ್ಡು ತಗೊಳ್ಳೋ ಮೂಳೆ ಡಾಕ್ಟ್ರು ಸಿಗಬೇಕು ಅಷ್ಟೆ" ಎಂದಳು. ಆ 'ಅಷ್ಟೆ'ಯೇ ಅವರಿಬ್ಬರನ್ನೂ ಊರೆಲ್ಲ ಅಲೆಸಿತು.

ಮೊದಲು ಹೋದದ್ದು ಗಾಜಿನ ಬಾಗಿಲಿನ ಆಸ್ಪತ್ರೆಗೆ. ಕೌಂಟರಿನ ಹುಡುಗಿ ಯಾವ ಕಾಲು ಎಂದು ಕೇಳುವ ಮುಂಚೆ ಯಾವ ಕಾರ್ಡು ಎಂದು ಕೇಳಿದಳು. ನೋಡಿದಳು. "ಇದು ನಮ್ಮಲ್ಲಿ ನಡೆಯಲ್ಲ ಸಾರ್" ಎಂದು, ಬಿಸಿ ಪಾತ್ರೆ ಮುಟ್ಟಿದವರಂತೆ ಹಿಂದಕ್ಕೆ ಸರಿಸಿದಳು.

ಎರಡನೆಯ ಕಡೆ ಕಾರ್ಡು ನಡೆಯುತ್ತಿತ್ತು, ಮಂಡಿ ನಡೆಯುತ್ತಿರಲಿಲ್ಲ. "ಮುರಿದಿದ್ರೆ ಈ ಕಾರ್ಡಿಗೆ ಮಾಡ್ತೀವಿ. ಸವೆದಿದ್ರೆ ಇಲ್ಲ" ಎಂದ ಅಲ್ಲಿಯ ಗುಮಾಸ್ತ.

"ಹಾಗಾದ್ರೆ ಹೊರಗೆ ಹೋಗಿ ಬಿದ್ದು ಮುರ್ಕೊಂಡು ಬರ್ಲೇನಪ್ಪ?" ಹಗುರಪ್ಪ ಕೇಳಿದ.

ಗುಮಾಸ್ತ ತಲೆ ಎತ್ತದೆ, "ನಮ್ಮ ಮೆಟ್ಟಿಲ ಮೇಲೆ ಮಾತ್ರ ಬೀಳ್ಬೇಡಿ" ಎಂದ. ಮಗಳಿಗೆ ನಗು ತಡೆಯಲಾಗದೆ ಹೊರಗೆ ಓಡಿದಳು. ಹಗುರಪ್ಪನಿಗೆ ನಗು ಬರಲಿಲ್ಲ.

ಮತ್ತೊಂದು ಕಡೆ, ಕಾರ್ಡು ಸ್ವೀಕರಿಸಲಾಗುತ್ತದೆ ಎಂದು ಗೋಡೆಯ ಮೇಲೆ ಆಳುದ್ದದ ಬೋರ್ಡೇ ಇತ್ತು. ಸ್ವೀಕರಿಸುತ್ತಿದ್ದ ಡಾಕ್ಟರು ಕೆಲಸ ಬಿಟ್ಟು ಹೋಗಿದ್ದರು, ಬೋರ್ಡು ಉಳಿದುಕೊಂಡಿತ್ತು. ಫೋನಿನಲ್ಲಿ ವಿಚಾರಿಸೋಣವೆಂದರೆ, ಸಹಾಯವಾಣಿ ಎಂಬ ಕಡೆಯಿಂದ ಒಂದು ಸಂಗೀತ ಬರುತ್ತಿತ್ತು. ಮಗಳು ಆ ಸಂಗೀತ ಕೇಳಿ ಕೇಳಿ ಅಡುಗೆ ಮಾಡುವಾಗಲೂ ಅದನ್ನೇ ಗುನುಗತೊಡಗಿದಳು. ಹಗುರಪ್ಪನ ಹೆಂಡತಿ ಸಿಡುಕಿದಳು: "ಆ ಸುಡುಗಾಡು ರಾಗ ಮನೆಯಲ್ಲಿ ಹಾಡ್ಬೇಡ ಕಣೇ. ನಿಮ್ಮಪ್ಪನಿಗೆ ಕಾಲಿಗಿಂತ ಮುಂಚೆ ತಲೆ ಕೆಡುತ್ತೆ."

ಕಾಯುವ ಕೋಣೆಗಳಲ್ಲಿ ಅವನ ಅವಸ್ಥೆ ನೋಡಬೇಕಿತ್ತು. ಎಲ್ಲರೂ ಕೂತಿರುತ್ತಿದ್ದರು, ಇವನು ಬಾಲ ಸುಟ್ಟ ಬೆಕ್ಕಿನಂತೆ ಅತ್ತಿಂದಿತ್ತ. ಕೂತರೆ ಏಳುವುದು ಕಷ್ಟ, ಅದನ್ನು ಯಾರೂ ಕಾಣಬಾರದು. ನಿಂತು ನಿಂತು ಕಣ್ಣು ಸುಮ್ಮನಿರುತ್ತಿರಲಿಲ್ಲ. ಆ ಸೋಫಾ ಈ ಬಾಗಿಲಲ್ಲಿ ಹೇಗೆ ಒಳಗೆ ಬಂದಿರಬೇಕು, ಕಾಲು ಬಿಚ್ಚಿದ್ದರೋ, ಅಡ್ಡ ಮಲಗಿಸಿದ್ದರೋ ಎಂದು ಲೆಕ್ಕ ಹಾಕುತ್ತಿದ್ದ. "ಅಪ್ಪಾ, ಒಂದು ಕಡೆ ಕೂತ್ಕೋ. ನಿನ್ನ ನೋಡಿ ನನಗೇ ಕಾಲು ನೋಯ್ತಿದೆ" ಎಂದು ಮಗಳು ಗದರುತ್ತಿದ್ದಳು.

ಕೊನೆಗೆ ದಾರಿ ತೋರಿಸಿದ್ದು ಒಂದು ಮಂಚ. ಅವನೂ ಬಾಮೈದನೂ ಒಂಟಿ ಮುದುಕಿಯೊಬ್ಬಳ ಮನೆಗೆ ಮಂಚ ಇಳಿಸಲು ಹೋಗಿದ್ದರು. ಮುದುಕಿ ಇವರ ಮುಂದೆ ಮೆಟ್ಟಿಲನ್ನು ಚಕಚಕನೆ ಹತ್ತಿ ಬಾಗಿಲು ತೆಗೆದಳು. ಹಗುರಪ್ಪ ಅವಳ ಕಾಲನ್ನೇ ನೋಡುತ್ತಿದ್ದ. ಮುದುಕಿ ಅದನ್ನು ಗಮನಿಸಿ, "ಏನಪ್ಪಾ ಹಾಗೆ ನೋಡ್ತೀಯ? ಎರಡೂ ಮಂಡಿ ಹೊಸದು. ಹೋದ ವರ್ಷ ಹಾಕ್ಸಿದ್ದು" ಎಂದು ಸೀರೆ ಅಂಚನ್ನು ಕೊಂಚ ಎತ್ತಿ ಹೊಲಿಗೆಯ ಗೆರೆಯನ್ನು ತೋರಿಸಿಯೇಬಿಟ್ಟಳು. "ಸರ್ಕಾರಿ ಕಾರ್ಡಲ್ಲೇ. ಹಳೇ ಅಂಚೆ ಕಚೇರಿ ಹಿಂದೆ ಒಬ್ಬಳು ಡಾಕ್ಟ್ರಮ್ಮ ಇದಾಳೆ. ಬಾಯಿ ಸ್ವಲ್ಪ ಬಿರುಸು, ಕೈ ಚಿನ್ನ."

ಮಾರನೆಯ ದಿನವೇ ಅಪ್ಪ ಮಗಳು ಅಲ್ಲಿದ್ದರು. ಹಳೆಯ ಕಟ್ಟಡ, ಒಬ್ಬರ ಮೈ ಒಬ್ಬರಿಗೆ ತಾಕುವಷ್ಟು ಇಕ್ಕಟ್ಟಾದ ಲಿಫ್ಟು. ಮೇಲಿನ ಕೋಣೆಯಲ್ಲಿ ಬೆಂಚುಗಳ ತುಂಬ ಊರುಗೋಲುಗಳು. ಕೌಂಟರಿನಲ್ಲಿ ಕಾರ್ಡು ನೋಡಿದ ಹೆಂಗಸು ಅದನ್ನು ಹಿಂದಕ್ಕೆ ತಳ್ಳಲಿಲ್ಲ, "ಕೂತಿರಿ, ಕರೀತೀನಿ" ಎಂದಳು. ಮಗಳು ಅಪ್ಪನ ಕೈಯನ್ನು ಗಟ್ಟಿಯಾಗಿ ಹಿಸುಕಿದಳು. ಒಳಗೆ ಒಬ್ಬರನ್ನೇ ಬಿಡುವ ಪದ್ಧತಿ ಎಂದು ಅವಳು ಹೊರಗೇ ಉಳಿದಳು. ತಪ್ಪಾದದ್ದು ಅಲ್ಲೇ.

ಡಾಕ್ಟರಮ್ಮ ನಡುವಯಸ್ಸಿನವಳು, ಕನ್ನಡಕವನ್ನು ತಲೆಯ ಮೇಲೆ ಏರಿಸಿಕೊಂಡಿದ್ದಳು. ಎಕ್ಸ್‌ರೇ ಬೆಳಕಿಗೆ ಹಿಡಿದು ನೋಡಿದಳು, ಮಂಡಿಯನ್ನು ಹಿಡಿದು ಬಗ್ಗಿಸಿದಳು, ಹೆಬ್ಬೆರಳಿನಿಂದ ಒತ್ತಿದಳು. ಹಗುರಪ್ಪನ ಕಣ್ಣ ಮುಂದೆ ನಕ್ಷತ್ರಗಳು ಸುರಿದವು, ಆದರೆ ಮುಖದಲ್ಲಿ ಒಂದು ಗೆರೆ ಕದಲಲಿಲ್ಲ.

"ನೋವು ಹೇಗಿದೆ?"

"ಹಗುರ."

"ಮೆಟ್ಟಿಲು ಹತ್ತುತ್ತೀರಾ?"

"ಹತ್ತದೆ ಏನು? ನಮ್ಮ ಕೆಲಸವೇ ಅದು."

"ಹೊತ್ಕೊಂಡು?"

"ಹೊತ್ಕೊಂಡೇ."

"ರಾತ್ರಿ ನಿದ್ದೆ?"

"ಅದಕ್ಕೇನು, ಬರುತ್ತೆ."

ಡಾಕ್ಟರಮ್ಮ ಎಕ್ಸ್‌ರೇಯನ್ನೂ ಅವನ ಮುಖವನ್ನೂ ಮತ್ತೊಮ್ಮೆ ನೋಡಿದಳು. "ಚಿತ್ರದಲ್ಲಿ ಚೆನ್ನಾಗೇ ಸವೆದಿದೆ. ಆದ್ರೆ ನಾನು ಚಿತ್ರಕ್ಕೆ ಆಪರೇಷನ್ ಮಾಡಲ್ಲ, ಮನುಷ್ಯರಿಗೆ ಮಾಡೋದು. ಈ ಕಾರ್ಡಲ್ಲಿ ಮಾಡ್ಬೇಕು ಅಂದ್ರೆ, ಇವರ ಕೈಲಿ ಆಗ್ತಿಲ್ಲ ಅಂತ ನಾನು ವಿಮೆಯವರಿಗೆ ಬರೆದುಕೊಡ್ಬೇಕು. ನೀವು ಎಲ್ಲಾ ಆಗುತ್ತೆ ಅಂತೀರಿ. ಹೊರಗೆ ನೋಡಿದ್ರಲ್ಲ, ಬಚ್ಚಲಿಗೆ ಹೋಗೋಕ್ಕೂ ಇನ್ನೊಬ್ಬರ ಹೆಗಲು ಬೇಕಾದವರು ಕಾಯ್ತಿದಾರೆ. ಮಾತ್ರೆ ಕೊಡ್ತೀನಿ. ಮುಂದಿನ ವರ್ಷ ಬನ್ನಿ, ನೋಡೋಣ."

ಹಗುರಪ್ಪ ಬಾಯಿ ತೆರೆದ. ಹೇಳಬೇಕಾದ ಮಾತು ಗಂಟಲ ತನಕ ಬಂತು. ಅಲ್ಲಿ ತಾತನ ತಮ್ಮ ಕೋಲು ಅಡ್ಡ ಹಿಡಿದು ನಿಂತಿದ್ದ. "ಆಗ್ಲಿ ಡಾಕ್ಟ್ರಮ್ಮ" ಎಂದು ಎದ್ದು ಬಂದ.

ಕೆಳಗೆ ಬೀದಿಗೆ ಬಂದ ಮೇಲೆ ಮಗಳಿಗೆ ವಿಷಯ ತಿಳಿಯಿತು. ಅವಳು ಮೊದಲು ನಂಬಲಿಲ್ಲ. "ಏನು ಕೇಳಿದ್ರು? ನೀನೇನು ಅಂದೆ?" ಎಂದು ಒಂದೊಂದಾಗಿ ಬಿಡಿಸಿ ಕೇಳಿದಳು. ಹಗುರ ಎಂದೆ ಎಂದು ಅವನು ಹೇಳಿದಾಗ ಅವಳು ನಡುಬೀದಿ ಎಂಬುದನ್ನೂ ಮರೆತು ಕೂಗಿದಳು: "ಅಪ್ಪಾ! ಅದೇನು ಬೀರುನಾ? ಮಂಡಿ ಕಣಪ್ಪಾ, ನಿನ್ನ ಮಂಡಿ! ಊರೆಲ್ಲ ಸುತ್ತಿ ಒಬ್ಬರು ಸಿಕ್ಕಿದ್ರು. ಅವರ ಮುಂದೆ ಹೋಗಿ ಹಗುರ ಅಂತೀಯಲ್ಲ!" ಅವಳ ಕಣ್ಣಲ್ಲಿ ನೀರು ತುಂಬಿತು. ಹಗುರಪ್ಪ ಎದುರಿನ ಕಟ್ಟಡದ ಮೆಟ್ಟಿಲನ್ನು ನೋಡುತ್ತ ನಿಂತ.

ಮನೆಯಲ್ಲಿ ಹೆಂಡತಿ ಬೈಯಲಿಲ್ಲ. ಅದನ್ನೇ ಅವನಿಗೆ ತಡೆಯಲಾಗಲಿಲ್ಲ. ಬಾಗಿಲಿಂದ ಹಾಸಿಗೆಗೆ, ಹಾಸಿಗೆಯಿಂದ ಬಾಗಿಲಿಗೆ ಕುಂಟುತ್ತ ತಿರುಗಿದ. ಸಂಜೆ ಅವಳು ತರಕಾರಿ ಹೆಚ್ಚುತ್ತ ಕೂತಿದ್ದಾಗ ಎದುರು ನಿಂತು, "ಒಂದು ಸಲ ಹೇಳಿ ನೋಡ್ತೀನಿ. ನೀನು ಡಾಕ್ಟ್ರು ಅಂದ್ಕೋ" ಎಂದ.

"ಅಂದ್ಕೊಂಡೆ. ಹೇಳಿ."

ಹಗುರಪ್ಪ ಗಂಟಲು ಸರಿಮಾಡಿಕೊಂಡ. ತುಟಿ ಕೂಡಿತು, ಕೆನ್ನೆ ಉಬ್ಬಿತು, ಮಾತು ಹೊರಡಲಿಲ್ಲ. ಹೆಂಡತಿ ಕಾದಳು, ಕಾದು ನಕ್ಕುಬಿಟ್ಟಳು. "ಹೋಗ್ಲಿ ಬಿಡಿ. ಮದುವೆ ದಿನ ನಿಮ್ಮ ಗೆಳೆಯರು ಎತ್ತು ಅಂತ ಪೀಡಿಸಿದ್ದಕ್ಕೆ ನನ್ನ ಎತ್ಕೊಂಡ್ರಲ್ಲ, ಆವತ್ತು ಹಗುರ ಅಂದಿದ್ರಿ. ನನಗೆ ಎಷ್ಟು ಹಿಗ್ಗಾಗಿತ್ತು. ಆಮೇಲೆ ಗೊತ್ತಾಯ್ತು, ಒನಕೆಗೂ ಅದೇ ಅಂತೀರಿ, ಒರಳಿಗೂ ಅದೇ ಅಂತೀರಿ." ನಗುತ್ತಲೇ ಕಣ್ಣೊರೆಸಿಕೊಂಡು ಮತ್ತೆ ಹೆಚ್ಚತೊಡಗಿದಳು.

ಬೇಸಿಗೆ ಕರಗುತ್ತಿತ್ತು. ಹೊಸ ಕಟ್ಟಡಕ್ಕೆ ಮೊದಲ ಲಾರಿ ಹೊರಟ ದಿನ ಯಜಮಾನ ಹಗುರಪ್ಪನಿಗೆ ಹೇಳಿಕಳಿಸಲಿಲ್ಲ. ಅವನೇ ಹೋದ, ರಸ್ತೆಯ ಆಚೆ ಬದಿಯಲ್ಲಿ ನಿಂತ. ಕೆಳತುದಿಯಲ್ಲಿ ಯಾವನೋ ದಾಂಡಿಗ. ಮೆಟ್ಟಿಲ ಬುಡದಲ್ಲೇ, "ಅಬ್ಬಾ, ಭಾರ! ಭಾರ! ನಿಧಾನ!" ಎಂದು ಊರಿಗೆಲ್ಲ ಕೇಳುವಂತೆ ಅರಚುತ್ತಿದ್ದ. ಹಗುರಪ್ಪ ಕಣ್ಣು ಮುಚ್ಚಿಕೊಂಡ. ಈಗ ಬಿತ್ತು, ಈಗ ಬಿತ್ತು ಎಂದು ಕಾದ. ಏನೂ ಬೀಳಲಿಲ್ಲ. ಕಣ್ಣು ತೆರೆದಾಗ ಮೇಜು ಮಹಡಿ ಸೇರಿತ್ತು.

ಊಟದ ಹೊತ್ತಿಗೆ ಬಾಮೈದ ರಸ್ತೆ ದಾಟಿ ಬಂದ.

"ಹೇಗಿದಾನೆ ಹೊಸಬ?" ಹಗುರಪ್ಪ ಕೇಳಿದ.

"ಬಾಯಿಬಡುಕ. ಆದ್ರೆ ಗಟ್ಟಿ."

"ಅವನು ಹಾಗೆ ಅರಚಿದಾಗ ನಿನ್ನ ಕೈ ನಡುಗಲ್ವಾ?"

"ಭಾವ, ಒಂದು ಮಾತು. ಸಿಟ್ಟಾಗ್ಬೇಡ. ನೀನು ಹಗುರ ಅಂದಾಗೆಲ್ಲ ನನಗೆ ನಿಜ ಗೊತ್ತಾಗ್ತಿತ್ತು. ಎರಡು ತುದಿಗೂ ಸಾಮಾನು ಒಂದೇ ಅಲ್ವಾ? ನಿನ್ನ ಮಂಡಿ ನಡುಗಿದ್ರೆ ನನ್ನ ಅಂಗೈಗೆ ಬರ್ತಿತ್ತು. ಫ್ರಿಜ್ಜಿನ ದಿನಕ್ಕಿಂತ ಎಷ್ಟೋ ಮುಂಚಿನಿಂದ ಬರ್ತಿತ್ತು. ನೀನು ಹೇಳೋದಿಲ್ಲ ಅಂತ ನಾನು ಇನ್ನೂ ಬಿಗಿಯಾಗಿ ಹಿಡಿದುಕೊಳ್ತಿದ್ದೆ. ಕೈ ನಡುಗ್ತಿದ್ದದ್ದು ಆಗ."

ಹಗುರಪ್ಪ ಮನೆಗೆ ಹೋಗಲಿಲ್ಲ. ಮೇಲುಜೇಬಿನಲ್ಲಿ ಕಾರ್ಡು ಇದೆಯೇ ಎಂದು ಮುಟ್ಟಿ ನೋಡಿಕೊಂಡು, ಹಳೇ ಅಂಚೆ ಕಚೇರಿಯ ಕಡೆ ಹೊರಟ. ಮಗಳನ್ನು ಕರೆಯಬೇಕೆಂದು ತೋಚಲಿಲ್ಲ, ತೋಚಿದ್ದರೂ ಕರೆಯುತ್ತಿರಲಿಲ್ಲವೇನೋ. ದಾರಿಯುದ್ದಕ್ಕೂ ತುಟಿ ಆಡುತ್ತಲೇ ಇತ್ತು. ಎದುರು ಬಂದವರು ತಮ್ಮನ್ನೇ ಏನೋ ಕೇಳುತ್ತಿದ್ದಾನೆಂದು ನಿಂತು ನೋಡಿ ಮುಂದೆ ಹೋದರು.

ಕಟ್ಟಡದ ಲಿಫ್ಟಿನ ಬಾಗಿಲಿಗೆ ಕುರ್ಚಿ ಅಡ್ಡ ಇಟ್ಟಿತ್ತು. ರಿಪೇರಿ. ಕಾವಲುಗಾರ, "ನಾಳೆ ಬನ್ನಿ ಯಜಮಾನ್ರೆ, ಇವತ್ತು ಕಾಲುನೋವಿನವರು ಯಾರೂ ಮೇಲೆ ಹೋಗ್ತಿಲ್ಲ" ಎಂದ. ನಾಳೆ ಎನ್ನುವುದು ಹಗುರಪ್ಪನ ಬಳಿ ಇರಲಿಲ್ಲ. ಕಂಬಿ ಹಿಡಿದು ಹತ್ತತೊಡಗಿದ.

ಎಷ್ಟು ಮೆಟ್ಟಿಲು ಕಂಡ ಮನುಷ್ಯ! ಬೆನ್ನ ಮೇಲೆ ಬೀರು ಇರುವಾಗ ಅವನಿಗೆ ಮೆಟ್ಟಿಲು ಎಂದೂ ಕಾಣುತ್ತಿರಲಿಲ್ಲ, ಅಂಗಾಲಿಗೆ ತಿಳಿಯುತ್ತಿತ್ತು ಅಷ್ಟೆ. ಇಂದು ಬೆನ್ನು ಬರಿದು, ಒಂದೊಂದು ಮೆಟ್ಟಿಲೂ ಕಣ್ಣಿಗೆ ಹೊಡೆಯುತ್ತಿತ್ತು. ಅಂಚು ಸವೆದದ್ದು, ಮೂಲೆ ಮುರಿದದ್ದು, ಯಾರೋ ಚೆಲ್ಲಿದ ನೀರಿನ ಕಲೆ. ಎಡಗಾಲು ಮುಂದೆ, ಬಲಗಾಲನ್ನು ಅದರ ಪಕ್ಕಕ್ಕೆ ಎಳೆದುಕೊಳ್ಳುವುದು. ಮತ್ತೆ ಎಡಗಾಲು. ಮೊದಲ ತಿರುವು ಕಳೆಯಿತು. ಎರಡನೆಯ ತಿರುವಿನ ಹತ್ತಿರ ಬಲಮಂಡಿ ಬೀಗ ಹಾಕಿಕೊಂಡಿತು. ಮೇಲೆ ಹೋಗಲೊಲ್ಲದು, ಕೆಳಗೆ ಇಳಿಯಲೊಲ್ಲದು. ಹಣೆಯ ಬೆವರು ಕಂಬಿಯ ಮೇಲೆ ತೊಟ್ಟಿಕ್ಕಿತು. ಹಗುರಪ್ಪ ಭುಜವನ್ನು ಗೋಡೆಗೆ ಒತ್ತಿ, ಫ್ರಿಜ್ಜಿನ ದಿನ ನಿಂತಂತೆಯೇ ನಿಂತ.

ಕೆಳಗಿನಿಂದ ಬಿರುಸಾದ ಹೆಜ್ಜೆ ಸದ್ದು ಬಂತು. ಡಾಕ್ಟರಮ್ಮ. ಕೈಯಲ್ಲಿ ಚೀಲ, ಕನ್ನಡಕ ತಲೆಯ ಮೇಲೆ, ಲಿಫ್ಟನ್ನು ಬೈಯುತ್ತ ಏದುಸಿರು ಬಿಡುತ್ತ ಹತ್ತಿ ಬರುತ್ತಿದ್ದಳು. ತಿರುವಿನಲ್ಲಿ ಗೋಡೆಗೆ ಅಂಟಿದ ಉದ್ದನೆಯ ಮನುಷ್ಯನನ್ನು ಕಂಡು ನಿಂತಳು. ಅವನ ಕಾಲು ನೋಡಿದಳು, ಕಂಬಿ ಹಿಡಿದು ಬೆಳ್ಳಗಾದ ಬೆರಳು ನೋಡಿದಳು, ಕನ್ನಡಕ ಇಳಿಸಿ ಮುಖ ನೋಡಿದಳು.

"ನೀವಾ? ಹಗುರ ಅಂದವರು?"

ಉತ್ತರಕ್ಕೆ ಕಾಯದೆ ಚೀಲವನ್ನು ಕೆಳಗಿಟ್ಟು, ಅವನ ತೋಳು ಹಿಡಿಯಲು ಎರಡೂ ಕೈ ಚಾಚಿದಳು.

"ಕೈ ಹಾಕಬೇಡಿ!"

ಆ ಕೂಗಿಗೆ ಕಟ್ಟಡದ ಮೆಟ್ಟಿಲಸಾಲು ಪೂರ್ತಿ ಮೊಳಗಿತು. ಮೇಲೆ ಕೌಂಟರಿನ ಹೆಂಗಸು ಬಗ್ಗಿ ನೋಡಿದಳು, ಕೆಳಗೆ ಕಾವಲುಗಾರ ಎದ್ದು ನಿಂತ. ಡಾಕ್ಟರಮ್ಮನ ಕೈ ಗಾಳಿಯಲ್ಲೇ ಉಳಿಯಿತು. ಹಗುರಪ್ಪ ಉಸಿರು ಎಳೆದುಕೊಂಡ. ತುಟಿ ಕೂಡಿತು, ಕೆನ್ನೆ ಉಬ್ಬಿತು.

"ಭಾರ ಇದೆ ಡಾಕ್ಟ್ರಮ್ಮ. ತುಂಬಾ ಭಾರ ಇದೆ. ಕಾಲು ಆಗ್ತಿಲ್ಲ, ನಿದ್ದೆನೂ ಬರಲ್ಲ. ಆದ್ರೆ ನಡು ಮೆಟ್ಟಿಲಲ್ಲಿ ಕೈ ಕೊಡಬೇಡಿ, ಇಬ್ಬರೂ ಬೀಳ್ತೀವಿ. ನೀವು ಮುಂದೆ ಹೋಗಿ ಬಾಗಿಲು ತೆಗೆದಿಟ್ಟಿರಿ. ನಾನು ಹತ್ಕೊಂಡು ಬರ್ತೀನಿ."